ಕರೆಂಟ್ ತೆಗೆಯುವ ಸುದ್ದಿ ಲ್ಯಾಬ್‌ಗಳಿಗೆ ಹಿಂದಿನ ದಿನವೇ ಸಿಗಲಿ

ಮಾನ್ಯ ಸಂಪಾದಕರೇ,

ಪತ್ರಿಕೆಯ ಒಳಪುಟದಲ್ಲಿ ‘ಇಂದು ವಿದ್ಯುತ್ ವ್ಯತ್ಯಯ’ ಅಂತ ಒಂದು ಪುಟ್ಟ ಸುದ್ದಿ ಬರುತ್ತದಲ್ಲ, ಈ ಪತ್ರ ಅದರ ಬಗ್ಗೆ. 66/11 ಕೆವಿ ಉಪಕೇಂದ್ರದಲ್ಲಿ ನಿರ್ವಹಣಾ ಕಾಮಗಾರಿ, ಬೆಳಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇರುವುದಿಲ್ಲ, ಕೆಳಗೆ ಒಂದಷ್ಟು ಬಡಾವಣೆಗಳ ಹೆಸರು. ಮನೆಯಲ್ಲಾದರೆ ಅದನ್ನು ಓದಿ ಟ್ಯಾಂಕ್ ತುಂಬಿಸಿಕೊಳ್ಳುತ್ತಾರೆ, ಮಿಕ್ಸಿ ಕೆಲಸ ಮುಗಿಸಿಕೊಳ್ಳುತ್ತಾರೆ, ಮೊಬೈಲ್ ಚಾರ್ಜಿಗೆ ಹಾಕುತ್ತಾರೆ. ಅರ್ಧ ಗಂಟೆ ಸಾಕು. ಆದರೆ ಕಾಲೇಜು, ವಿಶ್ವವಿದ್ಯಾಲಯಗಳ ಲ್ಯಾಬಿನಲ್ಲಿ ವ್ಯಾಕ್ಯೂಮ್ ಯಂತ್ರಗಳನ್ನು (ಒಳಗಿನ ಗಾಳಿ ತೆಗೆದು ಕೆಲಸ ಮಾಡುವ ಯಂತ್ರಗಳು) ನೋಡಿಕೊಳ್ಳುವ ನನ್ನಂಥವರಿಗೆ ಆವತ್ತೇ ಬೆಳಗ್ಗೆ ಸಿಗುವ ಸುದ್ದಿ ತಡವಾದ ಸುದ್ದಿ. ನಮಗೆ ಹಿಂದಿನ ಸಂಜೆಯೇ ಗೊತ್ತಾಗಬೇಕು. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಕೆಲವು ಪ್ರಾಂಶುಪಾಲರಿಗೂ ಗೊತ್ತಿಲ್ಲ.

ಭೌತಶಾಸ್ತ್ರ ವಿಭಾಗಗಳಲ್ಲಿ ಸಾಮಾನ್ಯವಾಗಿ ಒಂದು ಕೋಟಿಂಗ್ ಯೂನಿಟ್ ಇರುತ್ತದೆ. ಗಾಜಿನ ತುಂಡಿನ ಮೇಲೆ ಅಲ್ಯೂಮಿನಿಯಮ್ಮೋ ಬೆಳ್ಳಿಯೋ ತೆಳುವಾಗಿ ಲೇಪಿಸುವ ಯಂತ್ರ. ಮೇಲೆ ಬೆಲ್ ಜಾರ್ ಅನ್ನುವ ಗಂಟೆಯಾಕಾರದ ಪಾತ್ರೆ, ಅದರ ಕೆಳಗೆ ಡಿಫ್ಯೂಷನ್ ಪಂಪ್, ಪಕ್ಕದಲ್ಲಿ ನೆಲದ ಮೇಲೆ ಸದ್ದು ಮಾಡುತ್ತಾ ಕೂತ ರೋಟರಿ ಪಂಪ್. ರೋಟರಿ ಪಂಪಿನ ಒಳಗೆ ಎಣ್ಣೆ ತುಂಬಿರುತ್ತದೆ. ಅದು ಓಡುವವರೆಗೆ ಜಾರಿನ ಗಾಳಿಯನ್ನು ಎಳೆದು ಹೊರಗೆ ಹಾಕುತ್ತದೆ. ಕರೆಂಟ್ ಹೋಗಿ ಪಂಪ್ ನಿಂತ ಕೂಡಲೇ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಜಾರಿನ ಒಳಗೆ ಏನೂ ಇಲ್ಲ, ಹೊರಗೆ ನಮ್ಮ ಬೆಂಗಳೂರಿನ ಎತ್ತರದಲ್ಲಿ ಸುಮಾರು 910 ಮಿಲಿಬಾರ್ ಒತ್ತಡ, ಮಂಗಳೂರಿನಲ್ಲಾದರೆ ಸಾವಿರದ ಮೇಲೆ. ಆ ಒತ್ತಡ ಪಂಪಿನ ಎಣ್ಣೆಯನ್ನು ಪೈಪಿನಲ್ಲಿ ಹಿಂದಕ್ಕೆ ತಳ್ಳುತ್ತದೆ, ನಡುವಿನ ವಾಲ್ವ್ ತೆರೆದೇ ಇದ್ದರೆ ಎಣ್ಣೆ ಸೀದಾ ಚೇಂಬರಿನ (ಅಂದರೆ ಆ ಜಾರಿನ) ಒಳಗೆ. ಈಗಿನ ಪಂಪುಗಳಲ್ಲಿ ಇದನ್ನು ತಡೆಯುವ ವಾಲ್ವ್ ಇರುತ್ತದೆ, ನಿಜ. ಆದರೆ ಅದರ ರಬ್ಬರ್ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ, ಕಸ ಕೂತರೆ ಪೂರ್ತಿ ಮುಚ್ಚುವುದಿಲ್ಲ. ಏಳು ಗಂಟೆ ಹೊತ್ತು ಅದನ್ನೇ ನಂಬಿ ಕೂರುವುದು ಸರಿಯಲ್ಲ.

ಎಣ್ಣೆ ನುಗ್ಗಿದ ಚೇಂಬರ್ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ನಾನು ನೋಡಿದ ಒಂದು ಲ್ಯಾಬಿನಲ್ಲಿ ಪೈಪಿನ ಬಾಯಿಂದ ಬೇಸ್ ಪ್ಲೇಟಿನವರೆಗೆ ಜೇನಿನ ಬಣ್ಣದ ಎಣ್ಣೆ ಹರಡಿತ್ತು, ಗಾಜಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ. ಎಲ್ಲ ಬಿಚ್ಚಿ, ಅಸಿಟೋನ್ ಹಾಕಿ ಒರೆಸಿ, ಸೀಲಿಗೆ ಹಾಕುವ ಓ-ರಿಂಗ್‌ಗಳನ್ನು ಬದಲಿಸಿ, ಮತ್ತೆ ಜೋಡಿಸಿ ಪಂಪ್ ಹಾಕಿದರೂ ಮೊದಲಿನ ವ್ಯಾಕ್ಯೂಮ್ ಬರಲು ವಾರಗಟ್ಟಲೆ ಬೇಕಾಯಿತು. ಆ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಪಿಎಚ್‌.ಡಿ ಕೆಲಸ ಸುಮ್ನೆ ನಿಂತುಹೋಯಿತು. ಕರೆಂಟ್ ಹೋಗುವುದು ಎರಡು ದಿನ ಮೊದಲೇ ಆಫೀಸಿಗೆ ಗೊತ್ತಿತ್ತಂತೆ. ಕಾಗದ ಬಂದು ಫೈಲಿನಲ್ಲಿ ಕೂತಿತ್ತು, ಲ್ಯಾಬಿಗೆ ಯಾರೂ ಹೇಳಿರಲಿಲ್ಲ.

ಡಿಫ್ಯೂಷನ್ ಪಂಪಿನ ಕಥೆ ಇನ್ನೂ ಸೂಕ್ಷ್ಮ. ಅದರಲ್ಲಿ ತಿರುಗುವ ಭಾಗ ಒಂದೂ ಇಲ್ಲ. ತಳದಲ್ಲಿ ಹೀಟರ್, ಅದರ ಮೇಲೆ ಎಣ್ಣೆ. ಎಣ್ಣೆ ಕುದಿದು ಆವಿ ಮೇಲೇರಿ, ಒಳಗಿನ ಜೆಟ್‌ಗಳಿಂದ ಕೆಳಮುಖವಾಗಿ ರಭಸದಿಂದ ನುಗ್ಗಿ, ಗಾಳಿಯ ಅಣುಗಳನ್ನು ತನ್ನ ಜೊತೆ ಹೊಡೆದುಕೊಂಡು ಬರುತ್ತದೆ. ಹೊರಗೆ ಸುತ್ತಿದ ತಾಮ್ರದ ಕೊಳವೆಯಲ್ಲಿ ತಣ್ಣೀರು ಹರಿಯುತ್ತಿದ್ದರೆ ಆ ಆವಿ ಗೋಡೆಗೆ ತಾಗಿ ಮತ್ತೆ ಎಣ್ಣೆಯಾಗಿ ಇಳಿಯುತ್ತದೆ. ಈಗ ಯೋಚಿಸಿ, ಒಮ್ಮೆಲೇ ಕರೆಂಟ್ ಹೋದರೆ ನೀರಿನ ಪಂಪೂ ನಿಲ್ಲುತ್ತದೆ, ರೋಟರಿಯೂ ನಿಲ್ಲುತ್ತದೆ, ಆದರೆ ಎಣ್ಣೆಯ ಬಿಸಿ ಮಾತ್ರ ತಕ್ಷಣ ಇಳಿಯುವುದಿಲ್ಲ. ತಂಪು ಮಾಡುವವರಿಲ್ಲದ ಆವಿ ಚೇಂಬರಿಗೆ ಏರುತ್ತದೆ. ಆ ಬಿಸಿ ಎಣ್ಣೆಗೆ ಗಾಳಿ ತಾಗಿತೋ, ಸಾಮಾನ್ಯ ಎಣ್ಣೆಯಾದರೆ ಸುಟ್ಟು ಟಾರಿನಂತೆ ಕಪ್ಪಾಗಿ ಹಿಡಿದುಕೊಳ್ಳುತ್ತದೆ. ಸಿಲಿಕೋನ್ ಎಣ್ಣೆ ಸ್ವಲ್ಪ ಜಾಸ್ತಿ ತಡೆಯುತ್ತದೆ, ಆದರೆ ಅದು ದುಬಾರಿ.

ಹಾಗಾಗಿ ಇದನ್ನು ನಿಲ್ಲಿಸುವುದಕ್ಕೆ ಒಂದು ಕ್ರಮ ಇದೆ, ಹಿಂದುಮುಂದು ಮಾಡುವಂತಿಲ್ಲ. ಮೊದಲು ಒತ್ತಡ ಅಳೆಯುವ ಪೆನ್ನಿಂಗ್ ಗೇಜ್ ಆಫ್ ಮಾಡಿ, ಚೇಂಬರ್ ಮತ್ತು ಡಿಫ್ಯೂಷನ್ ಪಂಪಿನ ನಡುವಿನ ದೊಡ್ಡ ವಾಲ್ವ್ ಮುಚ್ಚಬೇಕು. ಆಮೇಲೆ ಹೀಟರ್ ಆಫ್. ಆದರೆ ರೋಟರಿ ಓಡುತ್ತಲೇ ಇರಬೇಕು, ಡಿಫ್ಯೂಷನ್ ಪಂಪಿಗೂ ರೋಟರಿಗೂ ನಡುವಿನ ಬ್ಯಾಕಿಂಗ್ ವಾಲ್ವ್ ತೆರೆದೇ ಇರಬೇಕು, ನೀರು ಹರಿಯುತ್ತಲೇ ಇರಬೇಕು. ಹೀಗೆ ಅರ್ಧ ಮುಕ್ಕಾಲು ಗಂಟೆ, ಪಂಪಿನ ತಳ ಕೈ ಇಟ್ಟರೆ ತಡೆಯುವಷ್ಟು ತಣ್ಣಗಾಗುವವರೆಗೆ. ನಂತರ ಬ್ಯಾಕಿಂಗ್ ವಾಲ್ವ್ ಮುಚ್ಚಿ, ರೋಟರಿ ನಿಲ್ಲಿಸಿ, ನಿಂತ ಕೂಡಲೇ ಅದರ ಬಾಯಿಗೆ ಗಾಳಿ ಬಿಡಬೇಕು. ಸುಯ್ ಅಂತ ಸದ್ದು ಬರುತ್ತದೆ, ಆ ಸದ್ದು ನಿಂತ ಮೇಲೆಯೇ ಅಲ್ಲಿಂದ ಏಳಬೇಕು. ಚೇಂಬರಿಗೆ ಮಾತ್ರ ಗಾಳಿ ಬಿಡದೆ ವ್ಯಾಕ್ಯೂಮಿನಲ್ಲೇ ಬಿಡುವುದು ಒಳ್ಳೆಯದು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯ ಕಡೆ, ಹೊರಗಿನ ಗಾಳಿ ಒಳಗೆ ಹೋದರೆ ಗೋಡೆಗಳೆಲ್ಲ ತೇವ ಹೀರಿಕೊಂಡು ಮರುದಿನ ಪಂಪ್ ಹಾಕಿದರೂ ಒತ್ತಡ ಇಳಿಯುವುದೇ ಇಲ್ಲ. ಇಷ್ಟೂ ಆಗಲು ಕಡಿಮೆ ಅಂದರೂ ಒಂದು ಗಂಟೆ ಬೇಕು. ಹತ್ತು ಗಂಟೆ ಅಂತ ಹಾಕಿ ಒಂಬತ್ತೂವರೆಗೇ ಲೈನ್ ತೆಗೆದರೆ ನಾವು ಅರ್ಧ ದಾರಿಯಲ್ಲಿ ಸಿಕ್ಕಿಬೀಳುತ್ತೇವೆ.

ಡಿಫ್ಯೂಷನ್ ಪಂಪಿನ ಬದಲು ಅತಿ ವೇಗವಾಗಿ ತಿರುಗುವ ಟರ್ಬೊ ಪಂಪ್ ಇರುವವರಿಗೆ ಬೇರೆ ಚಿಂತೆ. ಅದರ ರೋಟರ್ ನಿಮಿಷಕ್ಕೆ 60,000 ಸುತ್ತು, ಚಿಕ್ಕ ಪಂಪುಗಳಲ್ಲಿ ಅದಕ್ಕಿಂತ ಜಾಸ್ತಿಯೇ ತಿರುಗುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಹತ್ತಿಪ್ಪತ್ತು ನಿಮಿಷ ತಿರುಗುತ್ತಲೇ ಇರಬಹುದು. ವೇಗ ಅರ್ಧಕ್ಕಿಂತ ಇಳಿದ ಮೇಲೆ ಒಣ ನೈಟ್ರೋಜನ್ ನಿಧಾನವಾಗಿ ಬಿಡಬೇಕು. ಬಿಡದೆ ಹಾಗೇ ನಿಲ್ಲಿಸಿದರೆ ಹಿಂದಿನ ರೋಟರಿಯ ಎಣ್ಣೆ ಆವಿ ಮೆಲ್ಲಗೆ ಮೇಲೆ ಬಂದು ಸೇರುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳ ತೂಕ ಅಳೆಯುವ ಯಂತ್ರ) ಇರುವ ಲ್ಯಾಬುಗಳಲ್ಲಿ ಬಿಸಿ ಭಾಗಗಳೆಲ್ಲ ಮೊದಲು ತಣ್ಣಗಾಗಬೇಕು, ಮತ್ತೆ ಶುರು ಮಾಡಿದ ಮೇಲೆ ಸರಿಯಾದ ಅಳತೆ ಕೊಡಲು ಎಷ್ಟೋ ಸಲ ಒಂದು ರಾತ್ರಿ ಬೇಕು. ಫಾರ್ಮಸಿ ಕಾಲೇಜು, ಕೃಷಿ ವಿಶ್ವವಿದ್ಯಾಲಯಗಳಲ್ಲಿ ಮಾದರಿಯನ್ನು ಹೆಪ್ಪುಗಟ್ಟಿಸಿ ವ್ಯಾಕ್ಯೂಮಿನಲ್ಲಿ ಒಣಗಿಸುವ ಫ್ರೀಜ್ ಡ್ರೈಯರ್‌ಗಳಲ್ಲಿ ಒಂದು ಸರದಿ ಮುಗಿಯಲು ಒಂದು ದಿನ, ಎರಡು ದಿನ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ತೇವ ಹಿಡಿಯುವ ಕಂಡೆನ್ಸರಿನ ಮಂಜು ಕರಗಿ, ಒಣಗುತ್ತಿದ್ದ ಮಾದರಿಗೇ ತೇವ ವಾಪಸ್ ಬರುತ್ತದೆ. ಅವರಿಗೆ ಹಿಂದಿನ ದಿನ ಅಲ್ಲ, ಎರಡು ದಿನ ಮೊದಲೇ ತಿಳಿದರೆ ಮಾತ್ರ ಪ್ರಯೋಜನ.

ಇಲ್ಲಿಯವರೆಗೆ ಹೇಳಿದ್ದು ಯಂತ್ರ ಕೆಡುವ ಮಾತು. ಮನುಷ್ಯರಿಗೆ ಅಪಾಯ ಆಗುವುದು ರಸಾಯನಶಾಸ್ತ್ರದ ಲ್ಯಾಬಿನ ಕೋಲ್ಡ್ ಟ್ರ್ಯಾಪಿನಲ್ಲಿ. ಪಂಪಿಗೆ ದ್ರಾವಕದ ಆವಿ ಹೋಗದಿರಲಿ ಅಂತ ಗಾಜಿನ ಟ್ರ್ಯಾಪನ್ನು ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಮುಳುಗಿಸಿ ಇಟ್ಟಿರುತ್ತಾರೆ. ಲಿಕ್ವಿಡ್ ನೈಟ್ರೋಜನ್ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ, ಆಕ್ಸಿಜನ್ ದ್ರವವಾಗುವುದು ಮೈನಸ್ 183ರಲ್ಲಿ. ಪಂಪ್ ನಿಂತು, ಎಲ್ಲೋ ಸಣ್ಣ ಸಂದಿನಿಂದ ಗಾಳಿ ಒಳಗೆ ಬರುತ್ತಿದ್ದರೆ, ಆ ಗಾಳಿಯ ಆಕ್ಸಿಜನ್ ಟ್ರ್ಯಾಪಿನಲ್ಲಿ ತಿಳಿನೀಲಿ ದ್ರವವಾಗಿ ಸೇರುತ್ತದೆ. ಕೆಳಗೆ ಈಥರ್, ಟೊಲ್ಯೂಯಿನ್ ಇಂಥ ದ್ರಾವಕ ಏನಾದರೂ ಇದ್ದರೆ ಅದು ಸ್ಫೋಟಕ. ಅದೂ ಅಲ್ಲದೆ ಎರಡೂ ಕಡೆ ವಾಲ್ವ್ ಮುಚ್ಚಿದ್ದರೆ, ಬಿಸಿಯಾದಂತೆ ಆ ದ್ರವ 800 ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ, ಗಾಜು ತಡೆಯುವುದಿಲ್ಲ. ಆದ್ದರಿಂದ ಕರೆಂಟ್ ಹೋಗುವ ಹಿಂದಿನ ಸಂಜೆಯಿಂದಲೇ ನೈಟ್ರೋಜನ್ ತುಂಬುವುದನ್ನು ನಿಲ್ಲಿಸಬೇಕು. ಪಂಪ್ ಓಡುತ್ತಿರುವಾಗಲೇ ನೈಟ್ರೋಜನ್ ಇರುವ ಫ್ಲಾಸ್ಕ್ ಇಳಿಸಿ ಟ್ರ್ಯಾಪನ್ನು ತೆರವು ಮಾಡಬೇಕು. ನೀಲಿ ದ್ರವ ಕಂಡರೆ ಮುಟ್ಟಬಾರದು, ಮುಚ್ಚಬಾರದು, ಎಲ್ಲರೂ ಹೊರಗೆ ಬಂದು ಹಿರಿಯರಿಗೆ ತಿಳಿಸಬೇಕು. ಇದನ್ನು ಪ್ರತಿ ವರ್ಷ ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಬಾಯಿಬಿಟ್ಟು ಹೇಳಬೇಕು.

‘ಯುಪಿಎಸ್ ಇದೆಯಲ್ಲ, ಜನರೇಟರ್ ಇದೆಯಲ್ಲ’ ಅಂತ ಕೇಳುವವರಿದ್ದಾರೆ. ಗೇಜು, ಕಂಟ್ರೋಲರ್, ಕಂಪ್ಯೂಟರಿಗೆ ಯುಪಿಎಸ್ ಸರಿ. ಪಂಪಿನ ಮೋಟರ್ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಚಿಕ್ಕ ಯುಪಿಎಸ್ ಅಲ್ಲೇ ಟ್ರಿಪ್. ಜನರೇಟರ್ ಬರುವ ಮುಂಚೆ ಕೆಲವು ಸೆಕೆಂಡು ಖಾಲಿ ಇರುತ್ತದೆ, ಸ್ಟಾರ್ಟರ್ ಇರುವ ಮೋಟರುಗಳು ನಿಂತುಹೋಗುತ್ತವೆ, ಆಮೇಲೆ ತಾವಾಗಿ ಶುರುವಾಗುವುದಿಲ್ಲ. ಹಳೆಯ ಯೂನಿಟ್ಟಿನಲ್ಲಿ ಹೀಟರಿಗೆ ಬರೀ ಸ್ವಿಚ್ ಇರುತ್ತದೆ, ಅದು ಕರೆಂಟ್ ಬಂದ ಕೂಡಲೇ ಬಿಸಿಯಾಗಲು ಶುರು. ನೀರಿಲ್ಲ, ರೋಟರಿ ಇಲ್ಲ, ಎಣ್ಣೆ ಮಾತ್ರ ಕುದಿಯುತ್ತಿದೆ! ಹಾಗಾಗಿ ನಿಲ್ಲಿಸಿದ ಮೇಲೆ ಪ್ರತಿಯೊಂದರ ಎಂಸಿಬಿ ಇಳಿಸಿ, ಮೇಲೆ ಒಂದು ಚೀಟಿ ಅಂಟಿಸುವುದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಸಂಜೆ ಯಾರೂ ಇಲ್ಲದಾಗ ಕರೆಂಟ್ ಬಂದರೆ ಏನೂ ತಾನಾಗಿ ಓಡಬಾರದು.

ವಾಪಸ್ ಹಾಕುವಾಗಲೂ ಅವಸರ ಬೇಡ. ಮೂರು ಫೇಸ್ ಪಂಪ್ ಇದ್ದರೆ ಒಂದು ಮಾತು ನೆನಪಿಡಿ. ಲೈನ್ ಕೆಲಸ ಮಾಡಿದ ಮೇಲೆ ಫೇಸ್ ಅದಲುಬದಲು ಆಗಿ ಬರುವುದುಂಟು. ತೋಟದ ಮೋಟರ್ ಉಲ್ಟಾ ತಿರುಗಿ ನೀರೇ ಬರದಿರುವುದನ್ನು ನಮ್ಮ ರೈತರೆಲ್ಲ ಕಂಡಿದ್ದಾರೆ. ಲ್ಯಾಬಿನ ರೋಟರಿ ಉಲ್ಟಾ ತಿರುಗಿದರೆ ಎಣ್ಣೆಯನ್ನು ತಾನೇ ಚೇಂಬರಿನ ಕಡೆಗೆ ತಳ್ಳುತ್ತದೆ. ವಾಲ್ವ್ ಮುಚ್ಚಿಟ್ಟು ಒಂದು ಕ್ಷಣ ಹಾಕಿ ತೆಗೆದು, ಮೋಟರಿನ ಮೇಲಿನ ಬಾಣದ ಗುರುತಿಗೆ ಸರಿಯಾಗಿ ತಿರುಗುತ್ತಿದೆಯಾ ಅಂತ ನೋಡಿ. ಫೇಸ್ ಸರಿ ಇಲ್ಲದಿದ್ದರೆ ಚಾಲೂ ಆಗಲು ಬಿಡದ ರಿಲೇ ಸಿಗುತ್ತದೆ, ಪಂಪಿನ ಬೆಲೆ ನೋಡಿದರೆ ಅದೇನೂ ದುಬಾರಿ ಅಲ್ಲ. ಆಮೇಲೆ ರೋಟರಿಯ ಎಣ್ಣೆ ಕಾಣುವ ಗಾಜಿನ ಕಿಂಡಿ ನೋಡಿ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತ ಅರ್ಥ, ಪಂಪಿಗೆ ಸ್ವಲ್ಪ ಗಾಳಿ ಬಿಟ್ಟು ನೀರಿನ ಆವಿ ಹೊರಹಾಕುವ ಗ್ಯಾಸ್ ಬ್ಯಾಲಸ್ಟ್ ವಾಲ್ವ್ ತೆರೆದು ಅರ್ಧ ಗಂಟೆ ಓಡಿಸಿದ ಮೇಲೆಯೇ ಚೇಂಬರಿಗೆ ಜೋಡಿಸಿ.

ಇದರಲ್ಲಿ ಒಂದು ಲಾಭವೂ ಇದೆ, ಯಾರೂ ಬಳಸಿಕೊಳ್ಳುವುದಿಲ್ಲ. ಚೇಂಬರ್ ಮುಚ್ಚಿ ಪಂಪ್ ನಿಲ್ಲಿಸುವಾಗ ಒತ್ತಡ ಎಷ್ಟಿತ್ತು, ಕರೆಂಟ್ ಬಂದ ಮೇಲೆ ಎಷ್ಟಾಗಿದೆ ಅಂತ ಬರೆದಿಡಿ. 50 ಲೀಟರಿನ ಚೇಂಬರ್ ಏಳು ಗಂಟೆಯಲ್ಲಿ 1 ಮಿಲಿಬಾರಿಗೆ ಏರಿದರೆ, ಸೋರಿಕೆ ಮತ್ತು ಗೋಡೆಯಿಂದ ಬಿಡುವ ಅನಿಲ ಸೇರಿ ಸೆಕೆಂಡಿಗೆ ಸುಮಾರು 0.002 ಮಿಲಿಬಾರ್ ಲೀಟರ್. ಪ್ರತಿ ಸಲ ಹೀಗೆ ಬರೆದರೆ ಯಾವುದೋ ಸೀಲ್ ಹೋಗುತ್ತಾ ಬಂದಿದೆ ಅನ್ನುವುದರ ಸುಳಿವು ಮೊದಲೇ ಸಿಗುತ್ತದೆ. ಬೇರೆ ದಿನ ಏಳು ಗಂಟೆ ಯಂತ್ರ ನಿಲ್ಲಿಸಿ ಪರೀಕ್ಷೆ ಮಾಡಲು ಯಾರು ಬಿಡುತ್ತಾರೆ?

ಈ ಕೆಲಸವನ್ನೆಲ್ಲ ಮಾಡುವವರು ಯಾರು ಅಂತಲೂ ಹೇಳಬೇಕು. ಪ್ರೊಫೆಸರುಗಳಲ್ಲ, ಲ್ಯಾಬ್ ಸಹಾಯಕರು, ಅಟೆಂಡರುಗಳು. ಅವರಲ್ಲಿ ಎಷ್ಟೋ ಜನ ಈಗ ಗುತ್ತಿಗೆಯವರು. ಭಾನುವಾರ ಕರೆಂಟ್ ತೆಗೆಯುತ್ತಾರೆ ಅಂದರೆ ಬೆಳಗ್ಗೆ ಎಂಟಕ್ಕೆ ಬಂದು ನಿಲ್ಲಿಸಿ, ಸಂಜೆ ಮತ್ತೆ ಬಂದು ಹಾಕಬೇಕಾದವರು ಅವರೇ. ಆ ದಿನಕ್ಕೆ ಸಂಬಳವೂ ಇಲ್ಲ, ಬದಲಿ ರಜೆಯೂ ಇಲ್ಲ ಅಂದರೆ ಯಾರು ಬರುತ್ತಾರೆ ಹೇಳಿ. ಕಾಲೇಜಿನ ಆಡಳಿತ ಇದನ್ನು ಕೆಲಸ ಅಂತ ಲೆಕ್ಕ ಹಿಡಿಯಲಿ. ನಿಲ್ಲಿಸುವ ಕ್ರಮವನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ ಪ್ರತಿ ಯಂತ್ರದ ಪಕ್ಕದ ಗೋಡೆಗೆ ಹಾಕಿಸಲಿ. ಇಂಗ್ಲಿಷ್ ಮ್ಯಾನ್ಯುಯಲ್ ಕಪಾಟಿನಲ್ಲಿ ಬೀಗ ಹಾಕಿದ್ದರೆ ಯಾರಿಗೂ ಉಪಯೋಗವಿಲ್ಲ.

ವಿದ್ಯುತ್ ಕಂಪನಿಗಳಿಗೂ ಒಂದು ಮನವಿ. ಲೈನ್‌ಮನ್‌ಗಳು ಕಂಬ ಹತ್ತಿ ಕೆಲಸ ಮಾಡಬೇಕಾದರೆ ಕರೆಂಟ್ ತೆಗೆಯಲೇಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಹೇಳಿದ ಸಮಯಕ್ಕಿಂತ ಮೊದಲು ತೆಗೆಯಬೇಡಿ. ಕೆಲಸ ಮುಂದಕ್ಕೆ ಹೋದರೆ ಅದನ್ನೂ ತಿಳಿಸಿ, ಯಾಕೆಂದರೆ ಎರಡು ಸಲ ಸುಮ್ನೆ ಎಲ್ಲ ನಿಲ್ಲಿಸಿ ಕೂತವರು ಮೂರನೇ ಸಲ ನಂಬುವುದಿಲ್ಲ. ಬಡಾವಣೆಯ ಹೆಸರಿನ ಜೊತೆ ಫೀಡರಿನ (ಉಪಕೇಂದ್ರದಿಂದ ಬರುವ ಲೈನಿನ) ಹೆಸರೂ ಹಾಕಿ. ದೊಡ್ಡ ಕ್ಯಾಂಪಸ್ಸುಗಳಿಗೆ ಎರಡು ಕಡೆಯಿಂದ ಲೈನ್ ಬಂದಿರುತ್ತದೆ, ಯಾವ ಕಟ್ಟಡಕ್ಕೆ ಯಾವ ಫೀಡರ್ ಅಂತ ನಮ್ಮ ಎಲೆಕ್ಟ್ರಿಷಿಯನ್ನರಿಗೆ ಗೊತ್ತಿರುತ್ತದೆ.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಇಷ್ಟೇ. ಪ್ರಕಟಣೆ ಹಿಂದಿನ ದಿನವೇ ನಿಮ್ಮ ಕೈಗೆ ಬಂದಿದ್ದರೆ ‘ನಾಳೆ ವಿದ್ಯುತ್ ವ್ಯತ್ಯಯ’ ಅಂತಲೇ ಹಾಕಿ. ಜಾಗ ಸಾಲದಿದ್ದರೆ ಸಂಜೆಯೊಳಗೆ ನಿಮ್ಮ ವೆಬ್‌ಸೈಟಿನಲ್ಲಾದರೂ ಹಾಕಿ. ನಮಗೆ ಫ್ಲಾಸ್ಕ್ ಇಳಿಸಿ, ಬೆಳಗ್ಗೆ ಯಾರು ಬೇಗ ಬರಬೇಕು ಅಂತ ಮಾತಾಡಿಕೊಳ್ಳಲು ಒಂದು ಸಂಜೆ ಸಿಕ್ಕರೆ ಸಾಕು.

– ಒಬ್ಬ ಪ್ರಯೋಗಾಲಯ ಸಹಾಯಕ, ಬೆಂಗಳೂರು