ರೇಡಿಯೊ ವಿವರಣೆಗೆ ಕಂಠವೊಂದೇ ಸಾಲದು

ಮಾನ್ಯರೆ,

ಕಂಠ ಚೆನ್ನಾಗಿದ್ದು ಕ್ರಿಕೆಟ್ ಗೊತ್ತಿದ್ದರೆ ರೇಡಿಯೊದಲ್ಲಿ ವೀಕ್ಷಕ ವಿವರಣೆಗಾರ ಆಗಬಹುದು ಎಂದು ಹುಡುಗರಿಗೆ ಹೇಳುವವರು ಬಹಳ. ಧ್ವನಿ ಪರೀಕ್ಷೆ ದಾಟಲು ಅಷ್ಟು ಸಾಕಾದೀತು. ಆದರೆ ಮೈದಾನದಲ್ಲಿ ಮೈಕ್ ಮುಂದೆ ಕೂತಾಗ ಕೈಕೊಡುವುದು ಕಂಠವಲ್ಲ, ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಆಫ್ ಸ್ಟಂಪಿನ ಹೊರಗೆ ಬಂದ ಚೆಂಡನ್ನು ಕವರ್ಸ್ ಮೇಲಿಂದ...’ ಎನ್ನುವಷ್ಟರಲ್ಲಿ ಕ್ಯಾಚ್ ಹಿಡಿದು ಆಗಿರುತ್ತದೆ, ಜನ ಹೋ ಎಂದದ್ದೂ ಕೇಳಿಸಿರುತ್ತದೆ. ಏನಾಯಿತು ಎಂದು ತಿಳಿಯದವನು ಕೇಳುಗ ಒಬ್ಬನೇ. ಪಳಗಿದವರು ವಾಕ್ಯವನ್ನು ಒಡೆಯುತ್ತಾರೆ: ‘ಎತ್ತಿ ಹೊಡೆದರು, ಕವರ್ಸ್ ಕಡೆಗೆ, ಕೆಳಗೆ ಫೀಲ್ಡರ್ ಇದ್ದಾರೆ, ಹಿಡಿದರು, ಔಟ್!’ ಚೆಂಡು ಎಂಥದ್ದಿತ್ತು ಎನ್ನುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ.

ಕಬಡ್ಡಿಯಲ್ಲಿ ಆ ಹೊತ್ತೂ ಇಲ್ಲ. ಒಂದು ರೈಡ್, ಅಂದರೆ ಆಟಗಾರನೊಬ್ಬ ಎದುರು ಅಂಗಳಕ್ಕೆ ನುಗ್ಗಿ ಬರುವ ಸರದಿ, 30 ಸೆಕೆಂಡು. ಯಾರು ಹೋದರು, ಎಡ ಕಾರ್ನರೋ ಬಲ ಕಾರ್ನರೋ, ಎಲ್ಲಕ್ಕಿಂತ ಮುಖ್ಯವಾಗಿ ಎದುರು ಅಂಗಳದಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನು ಅಷ್ಟರೊಳಗೆ ಹೇಳಬೇಕು. ಆರು ಅಥವಾ ಏಳು ಮಂದಿ ಇದ್ದರಷ್ಟೇ ಬೋನಸ್ ಗೆರೆ ದಾಟಿದ್ದಕ್ಕೆ ಅಂಕ. ಅಂಗಳದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿದ್ದಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚು. ತಲೆ ಎಣಿಕೆ ಹೇಳದೆ ‘ಎರಡು ಅಂಕ’ ಎಂದು ಕೂಗಿದರೆ ಅಡುಗೆಮನೆಯಲ್ಲಿ ಕೇಳುತ್ತಿರುವವರಿಗೆ ಅದು ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ. ನಡುಗೆರೆಯ ಮೇಲೆ ಎಳೆದಾಟವಾದಾಗ ಅಂಪೈರ್ ಕೈ ತೋರಿಸುವ ತನಕ ಬಾಯಿ ಬಿಗಿಹಿಡಿಯಬೇಕು. ಹೊಸಬರು ಜಾರುವುದು ಇಲ್ಲೇ.

ಇನ್ನೊಂದು ಹಳೇ ರೋಗ ಸ್ಕೋರ್ ಹೇಳಲು ಮರೆಯುವುದು. ಅಮೆರಿಕದ ಬೇಸ್‌ಬಾಲ್ ವಿವರಣೆಗಾರ ರೆಡ್ ಬಾರ್ಬರ್ ಇದಕ್ಕೆಂದೇ ಮೊಟ್ಟೆ ಬೇಯಿಸುವಾಗ ಬಳಸುವ ಮೂರು ನಿಮಿಷದ ಮರಳು ಗಡಿಯಾರವನ್ನು ಎದುರಿಗೆ ಇಟ್ಟುಕೊಳ್ಳುತ್ತಿದ್ದರು. ಮರಳು ಇಳಿದಾಗೆಲ್ಲ ಸ್ಕೋರ್ ಹೇಳಿ ಅದನ್ನು ತಿರುವಿಡುವುದು. ಟಿ.ವಿ.ಯಲ್ಲಿ ಅಂಕಿ ಪರದೆಯ ಮೂಲೆಯಲ್ಲೇ ಇರುತ್ತದೆ, ಸುಮ್ಮನಿದ್ದರೂ ನಡೆಯುತ್ತದೆ. ರೇಡಿಯೊದಲ್ಲಿ ಐದಾರು ಸೆಕೆಂಡು ಸುಮ್ಮನಾದರೆ ಜನ ಸೆಟ್ಟಿನ ಕಿವಿ ಹಿಂಡಲು ಶುರುಮಾಡುತ್ತಾರೆ. ಹಾಗೆಂದು ಕ್ರಿಕೆಟ್ ವಿವರಣೆಗಾರ ಬಾಬಿ ತಲ್ಯಾರ್‌ಖಾನ್ 1930ರ ದಶಕದಲ್ಲಿ ಮುಂಬೈಯ ಪಂದ್ಯಗಳಲ್ಲಿ ಮಾಡಿದಂತೆ ದಿನವಿಡೀ ಒಬ್ಬರೇ ಮಾತಾಡಲು ಹೋಗಬಾರದು. ಇಬ್ಬರು ಸರದಿಯಲ್ಲಿ ಮಾತಾಡಬೇಕು, ಪಕ್ಕದಲ್ಲಿ ಸ್ಕೋರರ್ ಒಬ್ಬ ಬೇಕೇ ಬೇಕು. ಜನರ ಗದ್ದಲಕ್ಕೆ ಬೇರೆ ಮೈಕ್ ಇಟ್ಟು ಅದರ ಮಟ್ಟವನ್ನು ಮಾತಿಗಿಂತ ಕೆಳಗಿಡಬೇಕು. ಹಾಗೆಂದು ಅದನ್ನು ಪೂರ್ತಿ ಮುಚ್ಚಬಾರದು, ಮುಚ್ಚಿದರೆ ಆಟ ಸ್ಟುಡಿಯೊದಲ್ಲೇ ನಡೆದಂತೆ ಕೇಳಿಸುತ್ತದೆ.

ಇದೇ ವಿವರಣೆಗಾರನನ್ನು ಮರುದಿನ ಫೋನ್-ಇನ್ ಕಾರ್ಯಕ್ರಮಕ್ಕೆ ಕೂರಿಸಿದರೆ ಕಸುಬೇ ಬೇರೆ. ಕರೆ ಮಾಡಿದವರ ಮನೆಯ ರೇಡಿಯೊ ಹಾಡುತ್ತಿದ್ದರೆ ಕೀಂ ಎನ್ನುವ ಸದ್ದು ಬರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಕೇಳುತ್ತಿದ್ದರೆ ಪ್ರಸಾರ ಕೆಲವು ಸೆಕೆಂಡು ಹಿಂದೆ ಇರುವುದರಿಂದ, ತಮ್ಮದೇ ಹಳೇ ಮಾತು ಕಿವಿಗೆ ಬಿದ್ದು ತಡವರಿಸುತ್ತಾರೆ. ಪ್ರಸಾರಕ್ಕೆ ಸೇರಿಸುವ ಮೊದಲೇ ವಾಲ್ಯೂಮ್ ತಗ್ಗಿಸಲು ಹೇಳಬೇಕು. ‘ನಿನ್ನೆ ಪಂದ್ಯ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು ಸರ್, ನಿಮ್ಮದು ಊಟ ಆಯ್ತಾ?’ ಎಂಬ ಉತ್ತರ ಬರುತ್ತದೆ. ‘19ನೇ ಓವರನ್ನು ಸ್ಪಿನ್ನರ್‌ಗೆ ಕೊಟ್ಟದ್ದು ಸರಿಯೇ?’ ಎಂದು ಕೇಳಿ ನೋಡಿ, ಜಗಳವೇ ಶುರು.

ಖಾಸಗಿ ಎಫ್.ಎಂ.ಗಳಿಗೆ ಸುದ್ದಿ ತಯಾರಿಸುವ ಅವಕಾಶವಿಲ್ಲ, ನಿಜ. ಆದರೆ 2011ರ ಮೂರನೇ ಹಂತದ ಎಫ್.ಎಂ. ನೀತಿಯು ಸ್ಥಳೀಯ ಕ್ರೀಡೆಗಳ ನೇರ ವಿವರಣೆಗೆ ಅವಕಾಶ ಕೊಟ್ಟಿದೆ. ಅದನ್ನು ಬಳಸಿಕೊಳ್ಳುವ ಉತ್ಸಾಹ ಕಾಣುತ್ತಿಲ್ಲ. ಎಫ್.ಎಂ.ಗಳಾಗಲಿ ಆಕಾಶವಾಣಿಯ ಜಿಲ್ಲಾ ಕೇಂದ್ರಗಳಾಗಲಿ, ಈ ಬಾರಿ ದಸರಾ ಕ್ರೀಡಾಕೂಟದ ಕಬಡ್ಡಿ ಫೈನಲ್ ಒಂದನ್ನಾದರೂ ಪೂರ್ತಿ 40 ನಿಮಿಷ ಬಿತ್ತರಿಸಲಿ, ಮರುದಿನ ಬೆಳಿಗ್ಗೆ ಅದರ ಮೇಲೆ ಅರ್ಧ ಗಂಟೆ ಫೋನ್-ಇನ್ ಇಡಲಿ.

– ಒಬ್ಬ ಹಳೇ ಉದ್ಘೋಷಕ, ಧಾರವಾಡ