ಬರೀ ಲೈನರ್ ಬದಲಾಯಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಮಂಡ್ಯದ ಸುತ್ತಮುತ್ತ ಆಲೆಮನೆಯಿಂದ ಬೆಲ್ಲ ಹೇರಿಕೊಂಡು ಬರುವ ಟೆಂಪೊ, ಗೂಡ್ಸ್ ಆಟೊಗಳ ಹಿಂದಿನ ಚಕ್ರಕ್ಕೆ ಇವತ್ತಿಗೂ ಇರುವುದು ಹೆಚ್ಚಾಗಿ ಡ್ರಮ್ ಬ್ರೇಕೇ, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಗೋಡೆಗೆ ಶೂ ಅನ್ನೋ ಬಾಗಿದ ಪಟ್ಟಿಗಳು ಒತ್ತಿ ನಿಲ್ಲಿಸುವ ಬ್ರೇಕು. ಮಕ್ಕಳನ್ನು ಸ್ಕೂಲಿಗೆ ಬಿಡುವ ಆಟೊ, ವ್ಯಾನುಗಳೂ ಹಾಗೇ. ಬ್ರೇಕ್ ಹಿಡಿಯುತ್ತಿಲ್ಲ ಅಂತ ಗ್ಯಾರೇಜಿಗೆ ಹೋದರೆ ಎಷ್ಟೋ ಕಡೆ ಶೂಗೆ ಹೊಸ ಲೈನರ್ (ಡ್ರಮ್ಮಿಗೆ ಉಜ್ಜುವ ಪದರ) ಹಾಕಿ, ಅಡ್ಜಸ್ಟ್ ಮಾಡಿ ಕಳಿಸಿಬಿಡುತ್ತಾರೆ. ಓನರ್‌ಗಳೂ ಅಷ್ಟೇ ಸಾಕು ಅಂತಾರೆ. ಸಾಲದು.

ಡ್ರಮ್ ಬಿಚ್ಚಿದ ಮೇಲೆ ಮೊದಲು ಬ್ರೇಕ್ ಆಯಿಲ್ ಒತ್ತಡದಿಂದ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ನೋಡಬೇಕು. ಅದರ ತುದಿಯ ರಬ್ಬರ್ ಕವರಿನ ಅಂಚನ್ನು ಮೆಲ್ಲಗೆ ಎತ್ತಿದಾಗ ಒಳಗೆ ಬ್ರೇಕ್ ಆಯಿಲ್ ನಿಂತಿದ್ದರೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ ಹೋಗಿದೆ ಅಂತಲೇ ಅರ್ಥ. ಅದನ್ನು ಹಾಗೇ ಬಿಟ್ಟು ಹೊಸ ಲೈನರ್ ಹಾಕಿದರೆ ಆಯಿಲ್ ಜಿನುಗಿ ಲೈನರ್ ನೆನೆಯುತ್ತದೆ, ಒಂದು ಚಕ್ರ ಹಿಡಿದು ಇನ್ನೊಂದು ಹಿಡಿಯದೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಹಾಕಿದ ದುಡ್ಡೂ ದಂಡ ಅಲ್ವಾ? ಕಪ್‌ಗಳನ್ನು ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆಯುವುದಂತೂ ಬೇಡವೇ ಬೇಡ, ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಕಾಯ್ದು ಕಾಯ್ದು ಸಡಿಲವಾದ ಸ್ಪ್ರಿಂಗ್ ಶೂವನ್ನು ಪೂರ್ತಿ ಹಿಂದಕ್ಕೆ ಎಳೆಯುವುದಿಲ್ಲ, ಬ್ರೇಕ್ ಕಚ್ಚಿಕೊಂಡೇ ಗಾಡಿ ಓಡುತ್ತದೆ. ಲೈನರ್ ಜೊತೆಗೇ ಅದನ್ನೂ ಬದಲಾಯಿಸಿ, ಎರಡೂ ಕಡೆಯ ಚಕ್ರಕ್ಕೂ ಒಟ್ಟಿಗೇ ಮಾಡಿಸಿ.

ಇನ್ನು ಬ್ರೇಕ್ ಆಯಿಲ್. ಇದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಅನ್ನೋ ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಅನ್ನೋದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಚಾಮುಂಡಿ ಬೆಟ್ಟದಿಂದ ಜನ ತುಂಬಿಕೊಂಡು ಗೇರ್ ಹಾಕದೆ ಬರೀ ಬ್ರೇಕ್ ಮೇಲೇ ಇಳಿದರೆ ಆಯಿಲ್ ಕುದಿದು ಪೆಡಲ್ ತಳ ಸೇರಿ ಬ್ರೇಕೇ ಹಿಡಿಯದಿರಬಹುದು.

ಮತ್ತೊಂದು ಮಾತು, ಇದು ಗ್ಯಾರೇಜಿನ ಹುಡುಗರಿಗಾಗಿ. ಡ್ರಮ್ಮಿನ ಕಪ್ಪು ಧೂಳಿಗೆ ಏರ್ ಹೊಡೆದು ಹಾರಿಸುವುದನ್ನು ದಯವಿಟ್ಟು ನಿಲ್ಲಿಸಿ. ಕೆಲವು ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ವರ್ಷಗಳಾದ ಮೇಲೆ ಕ್ಯಾನ್ಸರ್ ತರಬಲ್ಲದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಐದು ನಿಮಿಷ ಜಾಸ್ತಿ ಹಿಡಿಯಬಹುದು, ಅಷ್ಟೇ.

ಮಂಡ್ಯ, ಮೈಸೂರಿನ ಆರ್‌ಟಿಒ ಅಧಿಕಾರಿಗಳಲ್ಲಿ ಒಂದು ವಿನಂತಿ: ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಬರುವ ಸ್ಕೂಲ್ ವಾಹನಗಳ ಹಿಂದಿನ ಡ್ರಮ್ ಒಂದನ್ನಾದರೂ ಬಿಚ್ಚಿಸಿ ನೋಡಿ.

– ಒಬ್ಬ ಓದುಗ, ಮಂಡ್ಯ