ಊಟಕ್ಕೆ ಹೋದವರಿಗೆ 100 ಪೌಂಡ್ ನೋಟಿಸ್: ಹೆದರಿ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಹೋದ ಬೇಸಿಗೆಯಲ್ಲಿ ನಾನು, ನನ್ನ ಹೆಂಡತಿ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮೊಮ್ಮಗನ ಹುಟ್ಟುಹಬ್ಬದ ದಿನ ಎಲ್ಲರೂ ಹೋಟೆಲಿಗೆ ಊಟಕ್ಕೆ ಹೋದೆವು. ಹನ್ನೊಂದು ಜನ, ಅದರಲ್ಲಿ ಮೂವರು ಪುಟ್ಟ ಮಕ್ಕಳು. ನನ್ನಾಕೆಗೆ ಮಂಡಿನೋವು. ಕಾರಿನಿಂದ ಇಳಿದು ಬಾಗಿಲ ತನಕ ನಡೆಯುವುದಕ್ಕೇ ಹೊತ್ತು ಹಿಡಿಯಿತು. ಊಟ ಬಂದದ್ದೂ ತಡವಾಗಿ. ಕೇಕ್ ಕತ್ತರಿಸಿ, ಬಿಲ್ ಕೊಟ್ಟು, ಖುಷಿಯಾಗಿ ಮನೆಗೆ ಬಂದೆವು. ಒಂಬತ್ತು ದಿನ ಕಳೆದ ಮೇಲೆ ಅಳಿಯಂದಿರ ಹೆಸರಿಗೆ ಒಂದು ಕಾಗದ ಬಂತು. ಅಲ್ಲಿ ಎರಡು ಗಂಟೆ ಮಾತ್ರ ಪಾರ್ಕಿಂಗ್ ಉಚಿತವಂತೆ. ನಾವು 34 ನಿಮಿಷ ಜಾಸ್ತಿ ಇದ್ದೆವಂತೆ. 100 ಪೌಂಡ್ ಕಟ್ಟಬೇಕು, 14 ದಿನದೊಳಗೆ ಕಟ್ಟಿದರೆ 60. ಕಾರು ಒಳಗೆ ಬಂದದ್ದು, ಹೊರಗೆ ಹೋದದ್ದು, ಎರಡರ ಫೋಟೊವೂ ಇತ್ತು.

ಅಳಿಯಂದಿರು ಆಗಲೇ ಕಟ್ಟಿಬಿಡಲು ಹೊರಟರು. "ವೀಸಾ ಮೇಲೆ ಇರೋರು ನಾವು ಮಾವ, ಸರ್ಕಾರದ ದಂಡ ಉಳಿಸ್ಕೊಂಡ್ರೆ ತೊಂದರೆ" ಅಂದರು. ನನಗೆ ಸಂಕಟವಾದದ್ದು ಆ ಮಾತಿಗೆ. ಯಾಕೆಂದರೆ ಅದು ಸರ್ಕಾರದ ದಂಡವೇ ಅಲ್ಲ!

ಅಲ್ಲಿ ನಗರಸಭೆ ಕೊಡುವುದು 'ಪೆನಾಲ್ಟಿ ಚಾರ್ಜ್ ನೋಟಿಸ್'. ಖಾಸಗಿ ಕಂಪನಿ ಕಳಿಸುವುದು 'ಪಾರ್ಕಿಂಗ್ ಚಾರ್ಜ್ ನೋಟಿಸ್'. ಎರಡನ್ನೂ ಜನ 'ಪಿಸಿಎನ್' ಅಂತಲೇ ಕರೆಯುತ್ತಾರೆ. ಹೊಸಬರಿಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ? ನಮಗೆ ಬಂದದ್ದು ಖಾಸಗಿ ಕಂಪನಿಯದು. ನಮ್ಮ ಜಾಗದ ಕರಾರು ಮುರಿದಿದ್ದೀರಿ, ಹಣ ಕೊಡಿ ಎಂದು ಕಂಪನಿ ಕೇಳುವ ಕಾಗದ ಇದು, ಅಷ್ಟೇ. ಕ್ರಿಮಿನಲ್ ವಿಷಯವಲ್ಲ. ಡ್ರೈವಿಂಗ್ ಲೈಸೆನ್ಸ್ ಮೇಲೆ ಪಾಯಿಂಟ್ ಬೀಳುವುದಿಲ್ಲ. ಕಾರಿನ ಮಾಲೀಕರ ವಿಳಾಸವನ್ನು ಕಂಪನಿಯವರು ಅಲ್ಲಿನ ವಾಹನ ಇಲಾಖೆಯಿಂದ ಒಂದೊಂದಕ್ಕೆ ಎರಡೂವರೆ ಪೌಂಡ್ ಕೊಟ್ಟು ಪಡೆಯುತ್ತಾರೆ. ಮನೆಗೇ ಕಾಗದ ಬಂದಾಗ ಸರ್ಕಾರದ್ದೇ ಅನ್ನಿಸುವುದು ಸಹಜ.

ನನ್ನ ಮಗಳು ಸುಮ್ಮನೆ ಕೂರಲಿಲ್ಲ. ಮಾರನೇ ದಿನವೇ ಹೋಟೆಲಿಗೆ ಹೋಗಿ ಬೋರ್ಡುಗಳ ಫೋಟೊ ತೆಗೆದಳು. ಊಟ ಮಾಡುವವರು ಕೌಂಟರಿನ ಪಕ್ಕದ ಟ್ಯಾಬ್ಲೆಟ್‌ನಲ್ಲಿ ಕಾರಿನ ನಂಬರ್ ಒತ್ತಿದರೆ ಹೆಚ್ಚು ಹೊತ್ತು ನಿಲ್ಲಿಸಬಹುದಂತೆ. ಇದನ್ನು ಬರೆದಿದ್ದದ್ದು ಗಿಡದ ಮರೆಯಲ್ಲಿದ್ದ ಬೋರ್ಡಿನಲ್ಲಿ, ಸಣ್ಣ ಅಕ್ಷರದಲ್ಲಿ. ಹನ್ನೊಂದು ಜನಕ್ಕೆ ಬಡಿಸಿದವರಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಮ್ಯಾನೇಜರ್ "ಅದು ಪಾರ್ಕಿಂಗ್ ಕಂಪನಿಯ ವಿಷಯ" ಅಂದುಬಿಟ್ಟ. ಅವಳು ಕಂಪನಿಗೆ ಮೇಲ್ಮನವಿ ಹಾಕಿದಳು, ತಿರಸ್ಕಾರವಾಯಿತು. ಆಮೇಲೆ ಬಿಲ್ಲು, ಬ್ಯಾಂಕಿನ ದಾಖಲೆ, ಫೋಟೊ ಎಲ್ಲ ಸೇರಿಸಿ ಹೋಟೆಲಿನ ಮುಖ್ಯ ಕಚೇರಿಗೇ ಬರೆದಳು. ಎರಡು ವಾರದಲ್ಲಿ ನೋಟಿಸ್ ರದ್ದಾಯಿತು. ಪಾರ್ಕಿಂಗ್ ಕಂಪನಿಯನ್ನು ತಂದು ಕೂರಿಸಿದ್ದೇ ಹೋಟೆಲಿನವರು. ಅವರು ಬೇಡ ಅಂದರೆ ಮುಗಿಯಿತು, ಅಲ್ವಾ?

ಅಲ್ಲೂ ಆಗದಿದ್ದರೆ 'ಪೋಪ್ಲಾ' ಅಥವಾ 'ಐಎಎಸ್' ಎಂಬ ಮೇಲ್ಮನವಿ ಸಂಸ್ಥೆ ಇದೆ. ಯಾವುದಕ್ಕೆ ಹೋಗಬೇಕು ಎಂಬುದು ಕಂಪನಿ ಪಾರ್ಕಿಂಗ್ ಉದ್ಯಮದ ಯಾವ ಸಂಘದ ಸದಸ್ಯ ಎಂಬುದರ ಮೇಲೆ. ನೋಟಿಸ್ ಬಂದ ತಾರೀಕನ್ನೂ ನೋಡಿಕೊಳ್ಳಬೇಕು. 2012ರ ಕಾನೂನಿನ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಕ್ಯಾಮೆರಾ ನೋಡಿ ಅಂಚೆಯಲ್ಲಿ ಕಳಿಸುವ ನೋಟಿಸ್ ಕಾರು ನಿಲ್ಲಿಸಿದ 14 ದಿನದೊಳಗೆ ತಲುಪಬೇಕು. ತಡವಾದರೆ ಓಡಿಸಿದವರು ಯಾರೆಂದು ಗೊತ್ತಿಲ್ಲದೆ ಕಾರಿನ ಮಾಲೀಕರ ತಲೆಗೆ ಕಟ್ಟಲು ಬರುವುದಿಲ್ಲ. ಹಾಗಾಗಿ ಅವಸರದಲ್ಲಿ "ನಾನೇ ಓಡಿಸಿದ್ದು" ಎಂದು ಬರೆದು ಕೊಡಬಾರದು.

ಆದರೆ ಒಂದು ಮಾತು. "ಹರಿದು ಹಾಕಿ, ಏನೂ ಆಗಲ್ಲ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಹೇಳುವವರನ್ನು ನಂಬಬೇಡಿ. ಚೆಲ್ಮ್ಸ್‌ಫರ್ಡ್ ಊರಿನಲ್ಲಿ ಬ್ಯಾರಿ ಬೇವಿಸ್ ಎಂಬವರು ಎರಡು ಗಂಟೆಯ ಜಾಗದಲ್ಲಿ 56 ನಿಮಿಷ ಜಾಸ್ತಿ ನಿಲ್ಲಿಸಿದ್ದರು. 85 ಪೌಂಡ್ ಕಟ್ಟಲಾರೆ ಎಂದು ಅಲ್ಲಿನ ಸುಪ್ರೀಂ ಕೋರ್ಟಿನ ತನಕ ಹೋರಾಡಿದರು. 2015ರಲ್ಲಿ ಸೋತರು. ಕೋರ್ಟಿನಿಂದ ಕಾಗದ ಬಂದಾಗ ಉತ್ತರ ಕೊಡದೆ ಕೂತರೆ ತೀರ್ಪು ನಮ್ಮ ವಿರುದ್ಧವೇ ಆಗುತ್ತದೆ. ಆ ಹಣವನ್ನೂ ಕಟ್ಟದಿದ್ದರೆ ಅದು ಸಾಲದ ದಾಖಲೆಗೆ ಸೇರಿ, ಆಮೇಲೆ ಮನೆ ಸಾಲ ಸಿಗುವುದೂ ಕಷ್ಟ.

ಆ ದೇಶದ ಸರ್ಕಾರದ ಮೇಲೂ ನನಗೆ ಬೇಸರವಿದೆ. ಈ ಕಂಪನಿಗಳಿಗೆ ನಿಯಮ ಮಾಡಲೆಂದು 2019ರಲ್ಲೇ ಕಾನೂನು ತಂದರು. 2022ರ ಫೆಬ್ರವರಿಯಲ್ಲಿ ನಿಯಮಗಳೂ ಹೊರಬಂದವು. ಲಂಡನ್ ಬಿಟ್ಟು ಉಳಿದ ಕಡೆ ಇಂಥ ತಪ್ಪಿಗೆ 50 ಪೌಂಡ್ ಮೀರಬಾರದು ಎಂದಿತ್ತು. ಅದೇ ಜೂನ್‌ನಲ್ಲಿ ಅವನ್ನು ವಾಪಸ್ ಪಡೆದರು. 2025ರಲ್ಲಿ ಮತ್ತೆ ಜನರ ಅಭಿಪ್ರಾಯ ಕೇಳಿದರು. ಇಷ್ಟು ವರ್ಷ ಹಣ ತೆತ್ತದ್ದು ಸಾಮಾನ್ಯ ಜನ. ಮಂಡಿನೋವಿನವರು, ಎಳೆಮಕ್ಕಳಿರುವವರು ನಿಧಾನವಾಗಿ ಊಟ ಮಾಡಿದ್ದಕ್ಕೆ 100 ಪೌಂಡ್ ಕೇಳುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ನಮ್ಮ ಕಡೆಯಿಂದ ಓದಲು, ಕೆಲಸಕ್ಕೆ ಎಂದು ಎಷ್ಟೋ ಮಕ್ಕಳು ಅಲ್ಲಿಗೆ ಹೋಗುತ್ತಿದ್ದಾರೆ. ಅಲ್ಲಿನ ಕನ್ನಡ ಸಂಘದವರು ಯುಗಾದಿ, ರಾಜ್ಯೋತ್ಸವಕ್ಕೆ ಸೇರಿದಾಗ ಹೊಸಬರಿಗೆ ಹತ್ತು ನಿಮಿಷ ಈ ವಿಷಯ ಹೇಳಿಕೊಡಲಿ. ಮಕ್ಕಳು ಅಲ್ಲಿರುವ ಅಪ್ಪ ಅಮ್ಮಂದಿರು ಈ ಪತ್ರದ ಫೋಟೊ ತೆಗೆದು ಅವರಿಗೆ ಕಳಿಸಿಕೊಡಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ, ದಾವಣಗೆರೆ